ಚದರ ಅಡಿಗೆ 1,850 ಸರಿ, ಯಾವ ಚದರ ಅಡಿಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಶಿರಸಿ ತಾಲೂಕಿನ ಹುಲೇಕಲ್ ಕಡೆಯ ಹಳ್ಳಿ. ಹಳೇ ಹಂಚಿನ ಮನೆ ಬಿಚ್ಚಿ, ಪಕ್ಕದಲ್ಲೇ ಹೊಸ ಮನೆ ಕಟ್ಟಬೇಕು ಅಂತಿದ್ದೇವೆ. ಪ್ಲಾನ್ ಪ್ರಕಾರ ಹೊರಗೋಡೆಯಿಂದ ಹೊರಗೋಡೆಗೆ 40 ಅಡಿ ಉದ್ದ, 30 ಅಡಿ ಅಗಲ. ಒಂದೇ ಅಂತಸ್ತು. ಮೇಲೆ ಅಡಿಕೆ ಒಣಗಿಸಲು ತಾರಸಿ. ಸ್ಲ್ಯಾಬ್ ನಾಲ್ಕೂ ಕಡೆ 2 ಅಡಿ ಹೊರಗೆ ಚಾಚಿದೆ. ಜಾಗ ಇಳಿಜಾರು, ಮೇಲಿನ ಕಡೆಗೂ ಕೆಳಗಿನ ಕಡೆಗೂ 4 ಅಡಿ ವ್ಯತ್ಯಾಸ ಇದೆ. ಇಬ್ಬರು ಕಂಟ್ರಾಕ್ಟರ್ ಹತ್ತಿರ ಕೊಟೇಶನ್ ತೆಗೆದುಕೊಂಡೆವು. ಒಬ್ಬರು ಚದರ ಅಡಿಗೆ 2,250 ರೂಪಾಯಿ ಅಂದರು. ಇನ್ನೊಬ್ಬರು 1,850. ನಮ್ಮನೆಯವರು ಕಡಿಮೆ ಹೇಳಿದವರಿಗೇ ಕೊಡೋಣ ಅಂತಾರೆ. ಮಾವನವರಿಗೆ ಕಡಿಮೆ ಅಂದ್ರೇನೇ ಅನುಮಾನ. ಎರಡೂ ಹಾಳೆಗಳ ನಕಲು ಕಳಿಸಿದ್ದೇನೆ. ಯಾವುದು ನ್ಯಾಯದ ರೇಟು ಅಂತ ಹೇಳ್ತೀರಾ?
— ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ತಂಗೀ, ಎರಡೂ ಹಾಳೆ ನೋಡಿದೆ. ಕಡಿಮೆ ರೇಟಿನವರದ್ದೇ ಜಾಸ್ತಿ ದುಡ್ಡು.

2,250 ಅಂದವರು ನಿಮ್ಮ ಮನೆಯನ್ನು ಹೊರಗೋಡೆ ಲೆಕ್ಕದಲ್ಲಿ 1,200 ಚದರ ಅಡಿ ಹಿಡಿದಿದ್ದಾರೆ. ಒಟ್ಟು 27,00,000. ಹಾಳೆಯ ಕೊನೆಯಲ್ಲಿ ಅದನ್ನು ಬರೆದೂ ಇದ್ದಾರೆ. 1,850 ಅಂದವರು ಒಟ್ಟು ಮೊತ್ತ ಬರೆದೇ ಇಲ್ಲ. ಕೆಳಗಡೆ ಸಣ್ಣಕ್ಷರದಲ್ಲಿ ‘ಅಳತೆ ಸ್ಲ್ಯಾಬ್ ಏರಿಯಾ ಪ್ರಕಾರ’ ಅಂತ ಒಂದು ಸಾಲು ಇದೆ, ಅಷ್ಟೇ. ನಿಮ್ಮ ಸ್ಲ್ಯಾಬ್ ನಾಲ್ಕೂ ಕಡೆ 2 ಅಡಿ ಚಾಚಿದೆ ಅಂದ್ರೆ ಅದು 44 ಅಡಿಗೆ 34 ಅಡಿ, ಅಂದರೆ 1,496 ಚದರ ಅಡಿ. ಅದನ್ನು 1,850ರಿಂದ ಗುಣಿಸಿ. 27,67,600 ಬಂತು. ಮೊದಲಿನವರಿಗಿಂತ 67,600 ಜಾಸ್ತಿ. ಅದೇ ಮೊತ್ತವನ್ನು 1,200 ಚದರ ಅಡಿಗೆ ಭಾಗಿಸಿದರೆ ಅವರ ರೇಟು 2,306 ಆಗುತ್ತದೆ.

ಇದು ಮೋಸ ಅಂತ ನಾನು ಹೇಳುವುದಿಲ್ಲ. ಸ್ಲ್ಯಾಬ್ ಅಳತೆಯ ಮೇಲೆ ದುಡ್ಡು ಎಣಿಸುವ ಕಂಟ್ರಾಕ್ಟರುಗಳು ಬೇಕಾದಷ್ಟು ಜನ ಇದ್ದಾರೆ. ನಮ್ಮದು ಮಳೆ ಊರು. ಸ್ಲ್ಯಾಬ್ ಚಾಚದಿದ್ದರೆ ಗೋಡೆ ನೆನೆದು ಹಸಿರುಗಟ್ಟುತ್ತದೆ. ಆ ಚಾಚಿಗೂ ಸೆಂಟ್ರಿಂಗ್ (ಕಾಂಕ್ರೀಟು ಹಾಕಲು ಕಟ್ಟುವ ಅಚ್ಚು) ಬೇಕು, ಕಬ್ಬಿಣ ಬೇಕು, ಕಾಂಕ್ರೀಟು ಬೇಕು. ಆದರೆ ಅದರ ಕೆಳಗೆ ಫೌಂಡೇಶನ್ ಇದೆಯಾ? ಟೈಲ್ಸ್, ವೈರಿಂಗ್, ಬಾಗಿಲು ಇದೆಯಾ? ಬೆಡ್‌ರೂಮಿನ ರೇಟನ್ನೇ ಚಾಚಿಗೂ ಹಾಕಿದರೆ ಒಪ್ಪಬೇಡಿ. ಅದಕ್ಕೆ ಅರ್ಧ ರೇಟೋ ಬೇರೆ ರೇಟೋ ಮಾತಾಡಿ ಬರೆಸಿಕೊಳ್ಳಿ. ಜಗುಲಿಗೂ ಪೋರ್ಟಿಕೋಗೂ ಇದೇ ಮಾತು.

ಶಿರಸಿಯ ಅಡಿಕೆ ಮಾರಾಟ ಸಹಕಾರಿ ಸಂಘ ಟಿಎಸ್‌ಎಸ್ ಅಂಗಳದಲ್ಲಿ ನಿಂತು ‘ಅಡಿಕೆ ರೇಟು ಎಷ್ಟು’ ಅಂತ ಕೇಳಿದರೆ ಯಾರಾದರೂ ಒಂದೇ ಸಂಖ್ಯೆ ಹೇಳ್ತಾರಾ? ಚಾಲಿಯೋ, ರಾಶಿಯೋ, ಬೆಟ್ಟೆಯೋ, ಕೆಂಪುಗೋಟೋ ಅಂತ ತಿರುಗಿ ಕೇಳುತ್ತಾರೆ. ಮನೆ ವಿಷಯದಲ್ಲಿ ಮಾತ್ರ ಅಂಥ ಜಾಣರೂ ‘ಚದರ ಅಡಿಗೆ ಎಷ್ಟು’ ಅಂತ ಕೇಳಿ, ಬಂದ ಸಂಖ್ಯೆ ಹಿಡಿದುಕೊಂಡು ಊರೆಲ್ಲ ವಿಚಾರಿಸುತ್ತಾರೆ. ಪಕ್ಕದ ಮನೆಯವರು 1,900ಕ್ಕೆ ಕಟ್ಟಿಸಿದರಂತೆ, ಭಾವನವರು 2,400 ಕೊಟ್ಟರಂತೆ. ಅವರ ಜಾಗ ಸಪಾಟಾ? ಸೆಪ್ಟಿಕ್ ಟ್ಯಾಂಕ್ ಸೇರಿತ್ತಾ? ಮರದ ನಾಟಾ ಅವರೇ ಕೊಟ್ಟರಾ? ಇದು ಯಾವುದೂ ಗೊತ್ತಿಲ್ಲದೆ ಹೋಲಿಸಿ ಪ್ರಯೋಜನ ಇಲ್ಲ.

ಈಗ ಇಬ್ಬರೂ ಬರೆಯದೆ ಬಿಟ್ಟಿರುವ ವಿಷಯಕ್ಕೆ ಬರುತ್ತೇನೆ. ನಿಮ್ಮ ದುಡ್ಡು ಹೋಗುವುದು ಅಲ್ಲೇ.

ಎರಡೂ ಹಾಳೆಯಲ್ಲಿ ‘ಪ್ಲಿಂತ್ ಎತ್ತರ 2 ಅಡಿ’ ಅಂತಿದೆ. ಪ್ಲಿಂತ್ ಅಂದರೆ ಹೊರಗಿನ ನೆಲದಿಂದ ಮನೆಯ ಒಳನೆಲದವರೆಗಿನ ಭಾಗ. ಜಾಗ 4 ಅಡಿ ಇಳಿಜಾರು ಅಂತ ನೀವೇ ಬರೆದಿದ್ದೀರಿ. ಮೇಲಿನ ಕಡೆ ನೆಲದಿಂದ 2 ಅಡಿ ಎತ್ತರಿಸಿದರೆ ಕೆಳಗಿನ ಕಡೆ ಅದು 6 ಅಡಿ. ಸರಾಸರಿ 4 ಅಡಿ. ಗೋಡೆಗಳ ಜಾಗ ಕಳೆದು ಒಳಗೆ ಸುಮಾರು 1,050 ಚದರ ಅಡಿ ಅಂತ ಹಿಡಿಯೋಣ. 2 ಅಡಿ ಮಣ್ಣು ತುಂಬಲು 2,100 ಘನ ಅಡಿ, ಅಂದರೆ 21 ಬ್ರಾಸ್ ಬೇಕು (ಒಂದು ಬ್ರಾಸ್ ಅಂದರೆ 100 ಘನ ಅಡಿ). 4 ಅಡಿಗೆ 42 ಬ್ರಾಸ್. ಇದು ನೀರು ಹಾಕಿ ಕುಟ್ಟಿ ಗಟ್ಟಿ ಮಾಡಿದ ಮೇಲಿನ ಲೆಕ್ಕ. ಟಿಪ್ಪರಿನಲ್ಲಿ ಬರುವ ಸಡಿಲ ಮಣ್ಣು ಇನ್ನೂ ಜಾಸ್ತಿ ಬೇಕಾಗುತ್ತದೆ. ಈ ಹೆಚ್ಚಿನ 21 ಬ್ರಾಸ್ ಯಾರ ಖರ್ಚು? ಕೆಳಗಿನ ಕಡೆ ಎತ್ತರಕ್ಕೆ ಏಳುವ ಪಾಯದ ಗೋಡೆ ಯಾರ ಖರ್ಚು? ಮಣ್ಣು ಜಾರದ ಹಾಗೆ ಕಲ್ಲಿನ ಪಿಚಿಂಗ್ ಕಟ್ಟುವವರು ಯಾರು? ಇಬ್ಬರ ಹಾಳೆಯಲ್ಲೂ ಉತ್ತರ ಇಲ್ಲ. ಕೆಲಸ ಶುರುವಾಗಿ ಹದಿನೈದು ದಿನಕ್ಕೆ ‘ಇದು ಎಕ್ಸ್‌ಟ್ರಾ ಆಗ್ತದೆ’ ಅಂತ ಬಂದೇ ಬರುತ್ತಾರೆ. ಆ ಹೊತ್ತಿಗೆ ಹಳೇ ಮನೆ ಬಿಚ್ಚಿ ಆಗಿರುತ್ತದೆ, ಬೇಡ ಅನ್ನೋಕೆ ಬಾಯಿ ಬರೋದಿಲ್ಲ. ಆದ್ದರಿಂದ ಇಬ್ಬರನ್ನೂ ಜಾಗಕ್ಕೆ ಕರೆಸಿ. ಮಟ್ಟ ನೋಡುವ ನೀರಿನ ಲೆವೆಲ್ ಟ್ಯೂಬ್ ಹಿಡಿಸಿ. ನಾಲ್ಕು ಮೂಲೆಯ ಎತ್ತರವನ್ನು ಅದೇ ಹಾಳೆಯ ಮೇಲೆ ಬರೆಸಿ, ಆಮೇಲೆ ರೇಟು ಕೇಳಿ. ಪಾಯ ಎಲ್ಲ ಕಡೆಯೂ ಮೂಲ ಗಟ್ಟಿ ನೆಲಕ್ಕೇ ಇಳಿಯಬೇಕು, ತುಂಬಿದ ಮಣ್ಣಿನ ಮೇಲೆ ಕೂರಬಾರದು. ಅದೂ ಬರವಣಿಗೆಯಲ್ಲಿ ಇರಲಿ.

ಇನ್ನೊಂದು ದೊಡ್ಡ ವ್ಯತ್ಯಾಸ ನಿಮ್ಮ ಗಮನಕ್ಕೆ ಬಂದ ಹಾಗೆ ಕಾಣಲಿಲ್ಲ. 2,250ರವರು ಪಿಲ್ಲರ್, ಬೀಮ್ ಹಾಕಿ ಕಟ್ಟುತ್ತಾರೆ. 1,850ರವರು ಕೆಂಪುಕಲ್ಲಿನ ಗೋಡೆಯ ಮೇಲೇ ಸ್ಲ್ಯಾಬ್ ಕೂರಿಸುತ್ತಾರೆ. ಇವೆರಡೂ ಒಂದೇ ಮನೆ ಅಲ್ಲವೇ ಅಲ್ಲ. ಪಿಲ್ಲರ್ ಮನೆಗೆ ಸಾಮಾನ್ಯವಾಗಿ ಚದರ ಅಡಿಗೆ 3ರಿಂದ 4 ಕೆ.ಜಿ. ಕಬ್ಬಿಣ ಹೋಗುತ್ತದೆ. ನಿಮ್ಮ 1,200 ಚದರ ಅಡಿಗೆ ಮೂರೂವರೆಯಿಂದ ನಾಲ್ಕು ಮುಕ್ಕಾಲು ಟನ್. ಗೋಡೆ ಮೇಲೆ ಕೂರುವ ಮನೆಗೆ ಇಷ್ಟು ಬೇಡ. ಹಾಗಿದ್ದರೆ 1,850ರವರ ಹಾಳೆ ಇನ್ನೂ ದುಬಾರಿಯಾಗಿ ಕಾಣುತ್ತದೆ. ಕಬ್ಬಿಣ ಕಡಿಮೆ, ದುಡ್ಡು ಜಾಸ್ತಿ.

ಪಿಲ್ಲರ್ ಬೇಕಾ? ಗಟ್ಟಿ ಕೆಂಪು ನೆಲ, ಒಂದೇ ಅಂತಸ್ತು, ಮುಂದೆಯೂ ಮೇಲೆ ಕಟ್ಟುವುದಿಲ್ಲ ಅನ್ನುವುದಾದರೆ ಒಳ್ಳೆ ಕಲ್ಲಿನ ಗೋಡೆ, ಸುತ್ತಲೂ ಪ್ಲಿಂತ್ ಬೀಮ್ ಮತ್ತು ಬಾಗಿಲು ಕಿಟಕಿಯ ಮೇಲೆ ಬರುವ ಲಿಂಟಲ್ ಬೀಮ್ ಸಾಕು. ಈಗೀಗ ಪಿಲ್ಲರ್ ಇಲ್ಲ ಅಂದ್ರೆ ಮರ್ಯಾದೆ ಕಡಿಮೆ ಅನ್ನುವ ಹಾಗೆ ಆಗಿದೆ. ಮಗ ಮುಂದೆ ಮೇಲೊಂದು ಮನೆ ಕಟ್ಟಬಹುದು ಅನ್ನುವ ಯೋಚನೆ ಇದ್ದರೆ ಮಾತ್ರ ಆ ಖರ್ಚಿಗೆ ಅರ್ಥ ಇದೆ. ನಿಮ್ಮದು ಇಳಿಜಾರು ಜಾಗ ಆದ್ದರಿಂದ ಇದನ್ನು ಕಂಟ್ರಾಕ್ಟರ್ ಬಾಯಲ್ಲಿ ತೀರ್ಮಾನ ಮಾಡಿಸಬೇಡಿ. ಒಬ್ಬ ಎಂಜಿನಿಯರ್ ಬಂದು ನೆಲ ನೋಡಿ ಡ್ರಾಯಿಂಗ್ ಕೊಡಲಿ. ಆ ಫೀಸು ದಂಡ ಅಲ್ಲ.

ಸ್ಲ್ಯಾಬ್ ದಪ್ಪ ಒಬ್ಬರ ಹಾಳೆಯಲ್ಲಿ 5 ಇಂಚು ಇದೆ. ಇನ್ನೊಬ್ಬರು ‘ಸ್ಲ್ಯಾಬ್ ಕೆಲಸ’ ಅಂತ ಬರೆದು ಬಿಟ್ಟಿದ್ದಾರೆ. ಒಂದು ಇಂಚು ಕಡಿಮೆ ಹಾಕಿದರೆ ಏನು ಮಹಾ ಅನ್ನಿಸಬಹುದು. ನಿಮ್ಮ 1,496 ಚದರ ಅಡಿಯಲ್ಲಿ ಒಂದು ಇಂಚು ಅಂದರೆ ಸುಮಾರು 125 ಘನ ಅಡಿ ಕಾಂಕ್ರೀಟು. 1:1½:3 ಮಿಶ್ರಣದಲ್ಲಿ (ಸಿಮೆಂಟು, ರೇತಿ, ಜಲ್ಲಿ) ಅದಕ್ಕೆ 28 ಚೀಲ ಸಿಮೆಂಟು ಬೇಕು. ಅದರ ಜೊತೆ ರೇತಿ, ಜಲ್ಲಿ. ಬರೆಯದೆ ಬಿಟ್ಟ ಒಂದು ಸಂಖ್ಯೆಯಲ್ಲಿ ಇಷ್ಟು ಸಾಮಾನು ಅಡಗಿದೆ. ಅಡಿಕೆ ಹರವಿ ಮೇಲೆ ಓಡಾಡುವ ತಾರಸಿ ಬೇರೆ. ದಪ್ಪ, ಕಬ್ಬಿಣದ ಅಳತೆ, ಎಷ್ಟು ಇಂಚಿಗೊಂದು ಸರಳು, ಎಲ್ಲ ಡ್ರಾಯಿಂಗಿನಲ್ಲಿ ಇರುತ್ತದೆ. ‘ಡ್ರಾಯಿಂಗ್ ಪ್ರಕಾರ’ ಅಂತ ಕೊಟೇಶನ್ನಿನಲ್ಲಿ ಬರೆಸಿದರೆ ಸಾಕು.

ಕಬ್ಬಿಣ ಬಂದ ದಿನ ನೀವೇ ಒಂದು ಪರೀಕ್ಷೆ ಮಾಡಬಹುದು. ಸರಳಿನ ಮಿಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಬರುತ್ತದೆ. 12 ಮಿ.ಮೀ. ಸರಳು 12 ಮೀಟರ್ ಉದ್ದ ಇದ್ದರೆ 10.67 ಕೆ.ಜಿ. ತೂಗಬೇಕು. 10 ಮಿ.ಮೀ. ಆದರೆ 7.4, 8 ಮಿ.ಮೀ. ಆದರೆ 4.74. ಅಲ್ಪಸ್ವಲ್ಪ ಏರುಪೇರಿಗೆ ಅವಕಾಶ ಇದೆ. ಆದರೆ 12 ಅಂತ ಹೇಳಿ ತಂದ ಸರಳು 9 ಕೆ.ಜಿ. ತೂಗಿದರೆ ಲಾರಿ ವಾಪಸ್ ಕಳಿಸಿ. ಅಡಿಕೆ ತೂಗುವ ಕಾಂಟಾ ಮನೆಯಲ್ಲೇ ಇರುತ್ತದಲ್ಲ.

‘ಒಳ್ಳೆ ಕ್ವಾಲಿಟಿ ಟೈಲ್ಸ್’ ಅನ್ನುವ ಸಾಲು ಎರಡರಲ್ಲೂ ಇದೆ. ಅದಕ್ಕೆ ಏನೂ ಅರ್ಥ ಇಲ್ಲ. ಚದರ ಅಡಿಗೆ ಇಷ್ಟು ರೂಪಾಯಿವರೆಗಿನ ಟೈಲ್ಸ್ ಅಂತ ಬರೆಸಿ. ಅಂಗಡಿಯಲ್ಲಿ ಅದಕ್ಕಿಂತ ದುಬಾರಿಯದು ಆರಿಸಿದರೆ ವ್ಯತ್ಯಾಸ ನೀವು ಕೊಡಿ, ಅಗ್ಗದ್ದು ಆರಿಸಿದರೆ ಅವರು ಕಳೆಯಲಿ. ನಲ್ಲಿ, ಕಮೋಡು, ಸ್ವಿಚ್ಚು, ಪೇಂಟು ಎಲ್ಲಕ್ಕೂ ಹೀಗೇ. ಕರೆಂಟಿಗೆ ಎಷ್ಟು ಪಾಯಿಂಟ್ ಅಂತ ಎಣಿಸಿ ಬರೆಸಿ. ಬಚ್ಚಲ ಒಲೆ ಮತ್ತು ಅದರ ಹೊಗೆ ಕೊಳವೆಯನ್ನು ಯಾವ ಕೊಟೇಶನ್ನಿನಲ್ಲೂ ನಾನು ಕಂಡಿಲ್ಲ, ಆದರೆ ನಮ್ಮ ಕಡೆ ಅದಿಲ್ಲದ ಮನೆ ಯಾವುದು ಹೇಳಿ? ತಾರಸಿಗೆ ಹೋಗುವ ಮೆಟ್ಟಿಲೂ ನಿಮ್ಮ ಎರಡು ಹಾಳೆಯಲ್ಲಿ ಇಲ್ಲ. ಅಡಿಕೆ ಚೀಲ ಹೊತ್ತು ಹತ್ತಬೇಕು, 3 ಅಡಿಗಿಂತ ಕಡಿಮೆ ಅಗಲ ಮಾಡಿಸಬೇಡಿ.

ಹಳೇ ಮನೆಯ ನಾಟಾ ಬಗ್ಗೆ ನೀವು ಏನೂ ಬರೆದಿಲ್ಲ. ಹಳೇ ಹಂಚಿನ ಮನೆ ಅಂದ ಮೇಲೆ ತೊಲೆ, ಜಂತಿ, ಬಾಗಿಲ ಚೌಕಟ್ಟು ಇದ್ದೇ ಇರುತ್ತವೆ. ಹಲಸು, ಹೊನ್ನೆ, ಮತ್ತಿ ಆದರೆ ಬಡಗಿಯನ್ನು ಕರೆಸಿ ತೋರಿಸಿ. ಗೆದ್ದಲು ಹಿಡಿಯದ ತುಂಡಿನಲ್ಲಿ ಹೊಸ ಮನೆಯ ಚೌಕಟ್ಟು ಎಷ್ಟು ಆಗುತ್ತದೆ ಅಂತ ಅವನು ನಿಂತಲ್ಲೇ ಹೇಳುತ್ತಾನೆ. ಅಷ್ಟರ ದುಡ್ಡನ್ನು ಕೊಟೇಶನ್ನಿನಿಂದ ಕಳೆಯಬೇಕು. ಇಬ್ಬರೂ ಚೌಕಟ್ಟು ತಮ್ಮದೇ ಅಂತ ಬರೆದಿದ್ದಾರೆ. ಹಳೇ ಗೋಡೆಯ ಕಲ್ಲು ಕಾಂಪೌಂಡಿಗೋ ಪಿಚಿಂಗಿಗೋ ಆಗುತ್ತದೆ. ಸುಮ್ನೆ ತೆಗೆದುಕೊಂಡು ಹೋಗಲು ಬಿಡಬೇಡಿ.

ತೆರಿಗೆ. 1,850ರವರ ಹಾಳೆಯಲ್ಲಿ ‘ಟ್ಯಾಕ್ಸ್ ಪ್ರತ್ಯೇಕ’ ಅಂತ ಇದೆ. ಸಾಮಾನು ಸಮೇತ ಗುತ್ತಿಗೆಗೆ ಜಿಎಸ್‌ಟಿ ಸಾಮಾನ್ಯವಾಗಿ ಶೇ. 18. ಅವರ ಮೊತ್ತಕ್ಕೆ ಅದನ್ನು ಹಾಕಿದರೆ ಸುಮಾರು 5 ಲಕ್ಷ ಮೇಲೆ ಬೀಳುತ್ತದೆ. ಅವರಿಗೆ ಜಿಎಸ್‌ಟಿ ನಂಬರ್ ಇದೆಯಾ ಕೇಳಿ. ಇಲ್ಲದವರು ತೆರಿಗೆ ಅಂತ ವಸೂಲಿ ಮಾಡುವ ಹಾಗಿಲ್ಲ. ಕಾಂಪೊಸಿಶನ್ ಸ್ಕೀಮಿನಲ್ಲಿ (ಸಣ್ಣ ವ್ಯವಹಾರಸ್ಥರಿಗಿರುವ ಸರಳ ತೆರಿಗೆ ಪದ್ಧತಿ) ಇರುವವರೂ ಬಿಲ್ಲಿನಲ್ಲಿ ತೆರಿಗೆ ಬೇರೆ ತೋರಿಸಿ ತೆಗೆದುಕೊಳ್ಳುವ ಹಾಗಿಲ್ಲ. 2,250ರವರು ತೆರಿಗೆಯ ಮಾತೇ ಎತ್ತಿಲ್ಲ. ‘ಎಲ್ಲ ತೆರಿಗೆ ಸೇರಿ’ ಅಂತ ಅವರ ಕೈಯಲ್ಲೂ ಬರೆಸಿ. ಇನ್ನೊಂದು ವಿಷಯ, ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೇ ಎಸ್ಟಿಮೇಟನ್ನೇ ತಾರೀಕು ಬದಲಿಸಿ ಕೊಡುವವರಿಗೆ ಇದನ್ನು ನೆನಪಿಸಿ.

ಕಂಟ್ರಾಕ್ಟರಿಗೂ ಲಾಭ ಬೇಕು. ಅದನ್ನು ಮರೆತು ಚೌಕಾಸಿ ಮಾಡಬೇಡಿ. ಕೇಂದ್ರ ಲೋಕೋಪಯೋಗಿ ಇಲಾಖೆ ದರ ಕಟ್ಟುವಾಗಲೇ ಗುತ್ತಿಗೆದಾರರ ಲಾಭ ಮತ್ತು ಮೇಲುಖರ್ಚಿಗೆ ಶೇ. 15 ಹಿಡಿಯುತ್ತದೆ. ಅಷ್ಟನ್ನು ಬಾಯಿಬಿಟ್ಟು ಕೇಳುವ ಕಂಟ್ರಾಕ್ಟರ್ ನನಗೆ ಇಷ್ಟ. ‘ನಂಗೆ ಇದ್ರಲ್ಲಿ ಏನೂ ಉಳಿಯೋದಿಲ್ಲ, ನಿಮ್ಮ ಮೇಲಿನ ವಿಶ್ವಾಸಕ್ಕೆ ಮಾಡ್ತಾ ಇದ್ದೇನೆ’ ಅನ್ನುವವರ ಹತ್ತಿರ ಮಾತ್ರ ಎರಡು ಸಲ ಲೆಕ್ಕ ಮಾಡಿ.

ಈಗ ತೀರ್ಪು. ಸಪಾಟು ಜಾಗ, ಪಿಲ್ಲರ್, 5 ಇಂಚು ಸ್ಲ್ಯಾಬ್, ಸೆಪ್ಟಿಕ್ ಟ್ಯಾಂಕ್ ಬಿಟ್ಟು ಅನ್ನುವ ಲೆಕ್ಕದಲ್ಲಿ 2,250ರವರ 27 ಲಕ್ಷ ಅನ್ಯಾಯದ್ದಲ್ಲ. ಆದರೆ ಅವರು 25 ಪರ್ಸೆಂಟ್ ಅಡ್ವಾನ್ಸ್ ಕೇಳಿದ್ದಾರೆ, 6,75,000. ಅದು ಬೇಡ. 10 ಕೊಡಿ. ಉಳಿದದ್ದು ಪ್ಲಿಂತ್ ಆದ ಮೇಲೆ ಇಷ್ಟು, ಲಿಂಟಲ್ ಆದ ಮೇಲೆ ಇಷ್ಟು, ಸ್ಲ್ಯಾಬ್, ಗಿಲಾಯಿ, ಹೀಗೆ. ಮುಗಿದ ಕೆಲಸಕ್ಕಿಂತ ದುಡ್ಡು ಯಾವತ್ತೂ ಮುಂದೆ ಹೋಗಬಾರದು. ಕೊನೆಯ ಶೇ. 5, ಅಂದರೆ 1,35,000, ಒಂದು ಮಳೆಗಾಲ ಕಳೆದ ಮೇಲೆ ಅಂತ ಬರೆಸಿ. ಇದಕ್ಕೆ ಅವರು ಮುಖ ಸಿಂಡರಿಸುತ್ತಾರೆ. ಬಿಡಬೇಡಿ. ನಮ್ಮೂರಲ್ಲಿ ಸ್ಲ್ಯಾಬಿನ ಬಂಡವಾಳ ಬಯಲಾಗುವುದು ಜುಲೈನಲ್ಲಿ, ಗೃಹಪ್ರವೇಶದ ದಿನ ಅಲ್ಲ. ಅವರ ಹತ್ತಿರ ಪಿಲ್ಲರ್ ಇಲ್ಲದ ಲೆಕ್ಕವನ್ನೂ ಒಂದು ಸಲ ಕೇಳಿ ನೋಡಿ.

1,850ರವರನ್ನು ಕೈಬಿಡಿ ಅಂತಲೂ ಹೇಳುವುದಿಲ್ಲ. 1,200 ಚದರ ಅಡಿಗೆ ಒಟ್ಟು ಮೊತ್ತ ಬರೆದುಕೊಡಿ ಅನ್ನಿ. ಬರೆದುಕೊಟ್ಟರೆ ಮಾತು ಮುಂದುವರಿಸಿ. ಇಬ್ಬರೂ ಎರಡು ಮೂರು ಮಳೆಗಾಲದ ಹಿಂದೆ ಕಟ್ಟಿದ ಮನೆಗಳನ್ನು ತೋರಿಸಲಿ. ಅಲ್ಲಿ ಹೋಗಿ ‘ಕೆಲಸ ಹೇಗೆ’ ಅಂತ ಕೇಳಬೇಡಿ, ಎಲ್ಲರೂ ಅಡ್ಡಿಲ್ಲ ಅಂತಲೇ ಹೇಳುತ್ತಾರೆ. ಪಶ್ಚಿಮದ ಗೋಡೆಯನ್ನು ಒಳಗಿನಿಂದ ನೋಡಿ. ಮಳೆ ಹೊಡೆಯುವುದು ಅದಕ್ಕೇ. ಬಚ್ಚಲಿನ ಹಿಂಬದಿಯ ಗೋಡೆ ನೋಡಿ. ಬಣ್ಣ ಉಬ್ಬಿದೆಯಾ, ಸುಣ್ಣ ಉದುರಿದೆಯಾ ಅಂತ ಕೈಯಾಡಿಸಿ.

ದೀಪಾವಳಿ ಮುಗಿದ ಕೂಡಲೇ ಪಾಯ ತೆಗೆಸಿದರೆ ಏಪ್ರಿಲ್ ಒಳಗೆ ಸ್ಲ್ಯಾಬ್ ಬೀಳುತ್ತದೆ. ಶಿವರಾತ್ರಿ ಕಳೆದು ಶುರು ಮಾಡುವ ಅಂತ ಯಾರಾದರೂ ಹೇಳಿದರೆ ಮುಂದಿನ ವರ್ಷಕ್ಕೆ ಇಡಿ. ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟು ಗಟ್ಟಿಯಾಗಲು ನೆನೆಸಿಡುವುದಕ್ಕೆ, ನೀರು ಯಾರು ಹಾಕುವುದು ಅನ್ನುವುದೂ ಹಾಳೆಯಲ್ಲಿ ಇರಲಿ, ಬೇಸಿಗೆಯಲ್ಲಿ ಬಾವಿ ನೀರು ಕೆಳಗಿಳಿದಾಗ ಇದೇ ದೊಡ್ಡ ಜಗಳ ಆಗುತ್ತದೆ.

ಪ್ರಶ್ನೆ: ಕಾರವಾರದ ಕೋಡಿಬಾಗ ಹತ್ತಿರ ಮನೆ ಕಟ್ಟುತ್ತಿದ್ದೇನೆ. ಸಮುದ್ರದ ಗಾಳಿ ಇದೆ ಅಂತ ಕಂಟ್ರಾಕ್ಟರ್ ಒಟ್ಟು ರೇಟಿನ ಮೇಲೆ ಶೇ. 10 ಜಾಸ್ತಿ ಕೇಳುತ್ತಿದ್ದಾರೆ. ಕೊಡಬೇಕಾ?
— ಓದುಗರೊಬ್ಬರು, ಕಾರವಾರ

ಉತ್ತರ: ಕಾರಣ ನಿಜ, ಲೆಕ್ಕ ಸರಿಯಿಲ್ಲ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಅದಕ್ಕೇ ಐಎಸ್ 456 ಅನ್ನುವ ಕಾಂಕ್ರೀಟು ನಿಯಮದಲ್ಲಿ ಕರಾವಳಿ ಗಾಳಿಗೆ ತೆರೆದುಕೊಂಡ ಭಾಗಕ್ಕೆ ಎಂ30 ದರ್ಜೆಯ ಕಾಂಕ್ರೀಟು (ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ), ಸರಳಿನ ಹೊರಗೆ 45 ಮಿ.ಮೀ. ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟಿನ ಪದರ, ಬೇಕು ಅಂತಿದೆ. ಉಪ್ಪುಗಾಳಿಯಿಂದ ಮರೆಯಾದ ಭಾಗಕ್ಕೆ ಎಂ25, 30 ಮಿ.ಮೀ. ಸಾಕು. ಶಿರಸಿಯ ಕೊಟೇಶನ್ನಿಗೂ ಕಾರವಾರದ ಕೊಟೇಶನ್ನಿಗೂ ಇಲ್ಲಿ ವ್ಯತ್ಯಾಸ ಬರಲೇಬೇಕು.

ಆದರೆ ದುಬಾರಿ ಆಗುವುದು ಕಾಂಕ್ರೀಟು, ಕಿಟಕಿ ಗ್ರಿಲ್ಲು, ಹೊರಗಿನ ಬಣ್ಣ. ಟೈಲ್ಸ್, ವೈರಿಂಗ್, ಒಳಬಾಗಿಲುಗಳಿಗೆ ಸಮುದ್ರ ಏನು ಮಾಡುತ್ತದೆ? ಒಟ್ಟು ಮೊತ್ತದ ಮೇಲೆ ಪರ್ಸೆಂಟ್ ಹಾಕುವುದಕ್ಕೆ ಒಪ್ಪಬೇಡಿ. ಯಾವ ಯಾವ ಐಟಂ ಬದಲಾಗುತ್ತದೋ ಅದರ ವ್ಯತ್ಯಾಸವನ್ನು ಮಾತ್ರ ಬರೆಸಿ. ಸ್ಲ್ಯಾಗ್ ಸಿಮೆಂಟ್ (ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ್ದು) ಕೇಳಿ, ಉಪ್ಪಿಗೆ ಅದು ಚೆನ್ನಾಗಿ ತಡೆಯುತ್ತದೆ. ಕಡಲ ಮರಳು ಒಂದು ಬುಟ್ಟಿಯೂ ಬೇಡ. ಕೊನೆಗೆ, ದುಡ್ಡು ಕೊಟ್ಟ ಕವರ್ ನಿಜವಾಗಿ ಬಂತಾ ಅಂತ ಕಾಂಕ್ರೀಟು ಬೀಳುವ ಹಿಂದಿನ ದಿನ ನೋಡಬೇಕು. ಸರಳಿನ ಕೆಳಗೆ ಸಿಮೆಂಟಿನ ಕವರ್ ಬ್ಲಾಕ್ ಇರುತ್ತದೆ. ಒಂದನ್ನು ಎತ್ತಿ ಟೇಪ್ ಹಿಡಿದು ಅಳೆಯಿರಿ. ಅಲ್ಲಿ ಬ್ಲಾಕ್ ಬದಲು ಜಲ್ಲಿ ಕಲ್ಲು ಸಿಕ್ಕಿಸಿದ್ದರೆ ಅವತ್ತು ಕೆಲಸ ನಿಲ್ಲಿಸಿ.

ಪ್ರಶ್ನೆ: ಸಾಮಾನು ಎಲ್ಲ ನಾವೇ ತರುತ್ತೇವೆ. ಗೌಂಡಿ ಮೇಸ್ತ್ರಿಗೆ ಲೇಬರ್ ಕಂಟ್ರಾಕ್ಟ್ ಮಾತ್ರ. ಅವರೂ ಜಿಎಸ್‌ಟಿ ಕೇಳುತ್ತಿದ್ದಾರೆ.
— ಓದುಗರೊಬ್ಬರು, ಕುಮಟಾ

ಉತ್ತರ: ಕೊಡಬೇಕಿಲ್ಲ. ಒಂದೇ ಕುಟುಂಬದ ಬಿಡಿ ಮನೆಗೆ ಬರೀ ಕೂಲಿಯ ಗುತ್ತಿಗೆ ಇದ್ದರೆ ಅದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಅವರು ಸಿಮೆಂಟೋ ಜಲ್ಲಿಯೋ ತಂದು ಅದೇ ಬಿಲ್ಲಿಗೆ ಸೇರಿಸಿದರೆ ಈ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ಸಾಮಾನಿನ ಬಿಲ್ಲುಗಳೆಲ್ಲ ನಿಮ್ಮ ಹೆಸರಿನಲ್ಲೇ ಇರಲಿ.